ಕೆನಡಿ ಮುಚ್ಚಿಟ್ಟ ಕಾಯಿಲೆ

ಅಮೆರಿಕದ 35ನೇ ಅಧ್ಯಕ್ಷ ಜಾನ್ ಎಫ್. ಕೆನಡಿ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ತುಂಬು ತಾರುಣ್ಯದ ಚಿತ್ರ. ದಟ್ಟ ಕೂದಲು, ಬಿಸಿಲಿಗೆ ಕಂದಿದಂತಹ ಮೈಬಣ್ಣ, ಕಡಲಿನಲ್ಲಿ ಹಾಯಿದೋಣಿ ನಡೆಸುವ ಹುಮ್ಮಸ್ಸು. 1960ರಲ್ಲಿ, ತಮ್ಮ 43ನೇ ವಯಸ್ಸಿನಲ್ಲಿ ಆಯ್ಕೆಯಾದ ಅವರು ಚುನಾವಣೆಯ ಮೂಲಕ ಆ ಪದವಿಗೇರಿದ ಅತ್ಯಂತ ಕಿರಿಯ ವ್ಯಕ್ತಿ. ಹೊಸ ತಲೆಮಾರಿನ ಚೈತನ್ಯಕ್ಕೆ ಅವರ ಹೆಸರೇ ಪರ್ಯಾಯ ಪದವಾಗಿತ್ತು.

ಆ ಚಿತ್ರದ ಹಿಂದೆ ಇನ್ನೊಬ್ಬ ಕೆನಡಿ ಇದ್ದರು. ಬದುಕಿನ ಕೊನೆಯ ಹದಿನಾರು ವರ್ಷಗಳನ್ನು ಅವರು ಔಷಧದ ಆಸರೆಯಲ್ಲೇ ಕಳೆದರು. ಮರಣಶಯ್ಯೆಯಲ್ಲಿರುವವರಿಗೆ ಕ್ಯಾಥೊಲಿಕ್ ಪಾದ್ರಿಗಳು ನೆರವೇರಿಸುವ ಅಂತಿಮ ವಿಧಿಯನ್ನು ಬದುಕಿರುವಾಗಲೇ ಒಂದಕ್ಕಿಂತ ಹೆಚ್ಚು ಬಾರಿ ಪಡೆದರು. ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ, ತಲಾ ನಾಲ್ಕೈದು ಗ್ರಾಂ ತೂಗುವ ಎರಡು ಪುಟ್ಟ ಅಡ್ರಿನಲ್ ಗ್ರಂಥಿಗಳು ಅವರ ದೇಹದಲ್ಲಿ ಕೆಲಸ ನಿಲ್ಲಿಸಿದ್ದವು. ಈ ಸಂಗತಿಯನ್ನು ಅವರು ಮತದಾರರಿಂದ ಕೊನೆಯವರೆಗೂ ಮುಚ್ಚಿಟ್ಟರು. ಸತ್ಯ ಪೂರ್ತಿಯಾಗಿ ಹೊರಬರಲು ಅವರು ಸತ್ತ ಮೇಲೂ ದಶಕಗಳೇ ಬೇಕಾದವು.

ಕಾಯಿಲೆಗಳ ಬಾಲ್ಯ

ಕೆನಡಿ ಹುಟ್ಟಿದ್ದು 1917ರ ಮೇ 29ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಬ್ರೂಕ್‌ಲೈನ್‌ನಲ್ಲಿ. ಐರಿಷ್ ಮೂಲದ ಶ್ರೀಮಂತ ಕುಟುಂಬದ ಒಂಬತ್ತು ಮಕ್ಕಳಲ್ಲಿ ಎರಡನೆಯವರು. ತಾಯಿ ರೋಸ್ ಪ್ರತಿ ಮಗುವಿನ ಆರೋಗ್ಯದ ವಿವರವನ್ನೂ ಚೀಟಿಗಳಲ್ಲಿ ಬರೆದಿಡುತ್ತಿದ್ದರು. ಜಾನ್ ಹೆಸರಿನ ಚೀಟಿ ಬಹುಬೇಗ ತುಂಬಿತು. ನಾಯಿಕೆಮ್ಮು, ದಡಾರ ಬಂದು ಹೋದವು. 1920ರಲ್ಲಿ, ಇನ್ನೂ ಮೂರು ವರ್ಷ ತುಂಬುವ ಮೊದಲೇ, ಸ್ಕಾರ್ಲೆಟ್ ಜ್ವರ ಪ್ರಾಣಕ್ಕೇ ಎರವಾಗುವ ಹಂತಕ್ಕೆ ಒಯ್ದಿತ್ತು.

ಶಾಲಾ ದಿನಗಳಲ್ಲಿ ಹೊಟ್ಟೆನೋವು, ತೂಕ ಇಳಿಕೆ, ಕಾರಣ ತಿಳಿಯದ ನಿಶ್ಶಕ್ತಿ ಕಾಡಿದವು. 1934ರಲ್ಲಿ ಹೆಸರಾಂತ ಮೇಯೋ ಕ್ಲಿನಿಕ್‌ಗೆ ಸೇರಿಸಿದಾಗ ವೈದ್ಯರು ದೊಡ್ಡ ಕರುಳಿನ ಉರಿಯೂತವೆಂದು ತೀರ್ಮಾನಿಸಿದರು. ಅನಾರೋಗ್ಯದ ಕಾರಣದಿಂದಲೇ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವನ್ನು ಅರ್ಧಕ್ಕೆ ಬಿಟ್ಟು, ನಂತರ ಹಾರ್ವರ್ಡ್ ಸೇರಿ 1940ರಲ್ಲಿ ಪದವಿ ಪಡೆದರು. ಬೆನ್ನುನೋವು ಆಗಲೇ ಬೆನ್ನು ಹತ್ತಿತ್ತು.

ಎರಡನೇ ಮಹಾಯುದ್ಧದಲ್ಲಿ ತಂದೆಯ ಪ್ರಭಾವದ ನೆರವಿನಿಂದ ನೌಕಾಪಡೆ ಸೇರಿದರು. 1943ರ ಆಗಸ್ಟ್ 2ರ ರಾತ್ರಿ ಸಾಲೊಮನ್ ದ್ವೀಪಗಳ ಬಳಿ ಅವರ ನಾಯಕತ್ವದ ಪಿಟಿ-109 ದೋಣಿಗೆ ಜಪಾನಿನ ಯುದ್ಧನೌಕೆ ಢಿಕ್ಕಿ ಹೊಡೆದು ಇಬ್ಬರು ನಾವಿಕರು ಸತ್ತರು. ಸುಟ್ಟ ಗಾಯಗಳಾಗಿದ್ದ ಸಹೋದ್ಯೋಗಿಯ ಜೀವರಕ್ಷಕ ಅಂಗಿಯ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕೆನಡಿ ಗಂಟೆಗಟ್ಟಲೆ ಈಜಿದರು. ಆ ಸಾಹಸ ಅವರನ್ನು ವೀರನನ್ನಾಗಿಸಿತು. ಜತೆಗೇ, ಮುಂದೆ ಬಂದ ಪ್ರತಿಯೊಂದು ಅನಾರೋಗ್ಯಕ್ಕೂ ಯುದ್ಧದ ಗಾಯ, ಯುದ್ಧಕಾಲದ ಮಲೇರಿಯಾ ಎಂಬ ಗೌರವದ ವಿವರಣೆಯನ್ನೂ ಒದಗಿಸಿತು.

1946ರ ಜೂನ್‌ನಲ್ಲಿ, ಕಾಂಗ್ರೆಸ್ ಸದಸ್ಯತ್ವಕ್ಕೆ ಪಕ್ಷದೊಳಗಿನ ಆಯ್ಕೆ ನಡೆಯುವ ಹಿಂದಿನ ದಿನ, ಬಾಸ್ಟನ್ನಿನ ಚಾರ್ಲ್ಸ್‌ಟೌನ್‌ನಲ್ಲಿ ಬಂಕರ್ ಹಿಲ್ ಸ್ಮರಣೆಯ ಮೆರವಣಿಗೆಯಲ್ಲಿ ನಡೆದ ಕೆನಡಿ ಕೊನೆಗೆ ಕುಸಿದುಬಿದ್ದರು. ಅಂದು ಹತ್ತಿರವಿದ್ದವರಿಗೆ ಹೃದಯಾಘಾತವಿರಬಹುದೆಂಬ ಅನುಮಾನ ಬಂದಿತ್ತು. ಹಿಂದಿರುಗಿ ನೋಡಿದರೆ, ಬಿಸಿಲಿನಲ್ಲಿ ಬೆವರಿ ಉಪ್ಪು ಕಳೆದುಕೊಂಡ ದೇಹ ಮತ್ತೆ ಚೇತರಿಸಿಕೊಳ್ಳಲಾಗದೆ ಹೋದ ಆ ಪ್ರಸಂಗ ಬರಲಿರುವ ರೋಗದ ಮುನ್ಸೂಚನೆಯಂತೆ ಕಾಣುತ್ತದೆ.

ಲಂಡನ್ನಿನ ತೀರ್ಪು

1947ರ ಬೇಸಿಗೆಯ ಕೊನೆಯಲ್ಲಿ ಸೋದರಿ ಕ್ಯಾಥ್ಲೀನ್ ಜತೆ ಕೆಲಕಾಲ ಕಳೆಯಲು ಕೆನಡಿ ಐರ್ಲೆಂಡಿಗೆ ಹೋದರು. ಅಲ್ಲಿಂದ ಲಂಡನ್ನಿಗೆ ಬಂದಾಗ ವಾಕರಿಕೆ, ವಾಂತಿ, ಇಳಿದ ರಕ್ತದೊತ್ತಡ, ಎದ್ದು ನಿಲ್ಲಲಾಗದಷ್ಟು ನಿಶ್ಶಕ್ತಿ. ಆಸ್ಪತ್ರೆಯಲ್ಲಿ ಅವರನ್ನು ಪರೀಕ್ಷಿಸಿದ ಸರ್ ಡೇನಿಯಲ್ ಡೇವಿಸ್ ಎಂಬ ವೈದ್ಯರು ರೋಗದ ಹೆಸರು ಹೇಳಿದರು: ಅಡಿಸನ್ ಕಾಯಿಲೆ. ಕೆನಡಿಗೆ ಆಗ ಮೂವತ್ತು ವರ್ಷ. ಈ ತರುಣ ಇನ್ನೊಂದು ವರ್ಷವೂ ಬದುಕಲಾರ ಎಂಬುದು ವೈದ್ಯರ ಅಂದಾಜಾಗಿತ್ತು. ಕ್ವೀನ್ ಮೇರಿ ಹಡಗಿನಲ್ಲಿ ಸ್ವದೇಶಕ್ಕೆ ಮರಳುವ ಪ್ರಯಾಣದಲ್ಲಿ ಸ್ಥಿತಿ ಬಿಗಡಾಯಿಸಿ ಪಾದ್ರಿಯೊಬ್ಬರು ಅಂತಿಮ ವಿಧಿ ನೆರವೇರಿಸಿದರು. ಪತ್ರಿಕೆಗಳಿಗೆ ಕುಟುಂಬ ತಿಳಿಸಿದ್ದು ಮಾತ್ರ ಮಲೇರಿಯಾ ಮರುಕಳಿಸಿದೆ ಎಂದು.

ವೈದ್ಯರ ಅಂದಾಜು ಉತ್ಪ್ರೇಕ್ಷೆಯಾಗಿರಲಿಲ್ಲ. ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ 11 ರೋಗಿಗಳ ವಿವರಗಳೊಂದಿಗೆ ಈ ಕಾಯಿಲೆಯನ್ನು ಮೊದಲ ಬಾರಿಗೆ ಜಗತ್ತಿನ ಮುಂದಿಟ್ಟಿದ್ದರು. ದಿನೇ ದಿನೇ ಏರುವ ನಿಶ್ಶಕ್ತಿ, ಕ್ಷೀಣ ನಾಡಿ, ಹಸಿವಿಲ್ಲದಿರುವಿಕೆ, ಚರ್ಮ ವಿಚಿತ್ರವಾಗಿ ಕಪ್ಪಾಗುವಿಕೆ, ಕೊನೆಗೆ ಸಾವು. ಸತ್ತವರ ಅಡ್ರಿನಲ್ ಗ್ರಂಥಿಗಳು ರೋಗಗ್ರಸ್ತವಾಗಿದ್ದವು. ಹಲವರಲ್ಲಿ ಕ್ಷಯ ಅವನ್ನು ತಿಂದುಹಾಕಿತ್ತು. ಮರುವರ್ಷವೇ ಬ್ರೌನ್-ಸೆಕಾರ್ಡ್ ಎಂಬ ವಿಜ್ಞಾನಿ ಪ್ರಾಣಿಗಳ ದೇಹದಿಂದ ಎರಡೂ ಗ್ರಂಥಿಗಳನ್ನು ತೆಗೆದು, ಅವಿಲ್ಲದೆ ಜೀವ ಉಳಿಯದೆಂದು ತೋರಿಸಿದರು. ಅಲ್ಲಿಂದ ಮುಂದಿನ ಮುಕ್ಕಾಲು ಶತಮಾನ ಅಡಿಸನ್ ಕಾಯಿಲೆ ಎಂದರೆ ಮರಣದಂಡನೆ ಎಂದೇ ಅರ್ಥವಿತ್ತು.

ಗ್ರಂಥಿ ಮಾಡುವ ಕೆಲಸ

ಅಡ್ರಿನಲ್ ಗ್ರಂಥಿಯ ಹೊರಪದರ ಮುಖ್ಯವಾಗಿ ಎರಡು ಜೀವಾಧಾರ ಹಾರ್ಮೋನುಗಳನ್ನು ತಯಾರಿಸುತ್ತದೆ. ಮೊದಲನೆಯದು ಕಾರ್ಟಿಸೋಲ್. ರಕ್ತದ ಸಕ್ಕರೆ ಮತ್ತು ರಕ್ತದೊತ್ತಡ ಕುಸಿಯದಂತೆ ಕಾಯುವುದು, ಜ್ವರ, ಗಾಯ, ಶಸ್ತ್ರಚಿಕಿತ್ಸೆಗಳಂತಹ ಆಘಾತಗಳನ್ನು ತಾಳಿಕೊಳ್ಳುವ ಶಕ್ತಿ ನೀಡುವುದು ಅದರ ಕೆಲಸ. ಎರಡನೆಯದು ಆಲ್ಡೋಸ್ಟೀರೋನ್. ಇದು ದೇಹದಲ್ಲಿ ಸೋಡಿಯಂ ಅಂದರೆ ಉಪ್ಪಿನಂಶವನ್ನು ಹಿಡಿದಿಟ್ಟು ಪೊಟ್ಯಾಸಿಯಂ ಅನ್ನು ಹೊರಹಾಕುತ್ತದೆ.

ಕಾರ್ಟಿಸೋಲ್ ಎಷ್ಟು ಬೇಕೆಂದು ನಿರ್ಧರಿಸುವುದು ಮೆದುಳು. ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಪಿಟ್ಯುಟರಿ ಎಸಿಟಿಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುತ್ತದೆ. ಕಾರ್ಟಿಸೋಲ್ ಸಾಕಷ್ಟಾದಾಗ ಮೇಲಿನವರು ಸುಮ್ಮನಾಗುತ್ತಾರೆ. ಅಡ್ರಿನಲ್ ಗ್ರಂಥಿಯೇ ನಾಶವಾದರೆ ಪಿಟ್ಯುಟರಿ ಎಸಿಟಿಎಚ್ ಅನ್ನು ಸುರಿಸುತ್ತಲೇ ಹೋಗುತ್ತದೆ. ಈ ಅತಿಯಾದ ಎಸಿಟಿಎಚ್ ಚರ್ಮದ ವರ್ಣಕಣಗಳನ್ನೂ ಕೆರಳಿಸುವುದರಿಂದ ಮೈಬಣ್ಣ ಕಂದುತ್ತದೆ. ಕೆನಡಿಯ ಮುಖದ ಆ ಆಕರ್ಷಕ ಕಂದು ಛಾಯೆಯಲ್ಲಿ ಫ್ಲೋರಿಡಾದ ಬಿಸಿಲಿನ ಪಾಲೆಷ್ಟು, ಕಾಯಿಲೆಯ ಪಾಲೆಷ್ಟು ಎಂಬ ಚರ್ಚೆ ವೈದ್ಯರಲ್ಲಿ ಬಹುಕಾಲ ನಡೆದಿದೆ.

1947ರಲ್ಲಿ ರಕ್ತದ ಕಾರ್ಟಿಸೋಲನ್ನು ಅಳೆಯುವ ವಿಧಾನ ಆಸ್ಪತ್ರೆಗಳಲ್ಲಿ ಇರಲಿಲ್ಲ. ವೈದ್ಯರು ಪರೋಕ್ಷ ಸಾಕ್ಷ್ಯಗಳನ್ನೇ ನಂಬಬೇಕಿತ್ತು. ರಕ್ತದಲ್ಲಿ ಸೋಡಿಯಂ ಇಳಿದು ಪೊಟ್ಯಾಸಿಯಂ ಏರಿದೆಯೇ, ಸಕ್ಕರೆ ತಗ್ಗಿದೆಯೇ ಎಂದು ನೋಡುತ್ತಿದ್ದರು. ರೋಗಿಗೆ ಬೆಳಿಗ್ಗೆ ಹೆಚ್ಚು ನೀರು ಕುಡಿಸಿ, ಮೂತ್ರವಾಗಿ ಅದು ಎಷ್ಟು ಬೇಗ ಹೊರಬರುತ್ತದೆಂದು ಅಳೆಯುವ ಕೆಪ್ಲರ್ ಪರೀಕ್ಷೆಯಿತ್ತು. ಅಡಿಸನ್ ರೋಗಿಯ ದೇಹ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಮೂತ್ರದಲ್ಲಿ ಸ್ಟೀರಾಯ್ಡ್ ಹಾರ್ಮೋನುಗಳ ಅವಶೇಷವನ್ನು ಅಳೆಯುವ ಕ್ರಮವೂ ಇತ್ತು. ಇವುಗಳ ಜತೆಗೆ ಒಸಡು, ಅಂಗೈ ಗೆರೆ, ಹಳೆಯ ಗಾಯದ ಕಲೆಗಳು ಕಪ್ಪಾಗಿವೆಯೇ ಎಂದು ನೋಡುವ ವೈದ್ಯರ ಕಣ್ಣೇ ಅಂತಿಮ ಪ್ರಮಾಣ.

ಹೊಸ ಔಷಧ, ಹೊಸ ಆಯುಷ್ಯ

ಕೆನಡಿ ರೋಗಕ್ಕೆ ತುತ್ತಾದ ಕಾಲವೇ ಅವರ ಅದೃಷ್ಟವಾಯಿತು. ಹತ್ತು ವರ್ಷ ಮೊದಲಾಗಿದ್ದರೆ ಅವರು ಬಹುಶಃ ಉಳಿಯುತ್ತಿರಲಿಲ್ಲ. 1937ರಲ್ಲಿ ರಸಾಯನ ವಿಜ್ಞಾನಿಗಳು ಕೃತಕವಾಗಿ ತಯಾರಿಸಿದ ಡಿಒಸಿಎ ಎಂಬ ಹಾರ್ಮೋನು ದೇಹದ ಉಪ್ಪನ್ನು ಹಿಡಿದಿಡಬಲ್ಲದಾಗಿತ್ತು. ಅದರ ಪುಟ್ಟ ಗುಳಿಗೆಗಳನ್ನು ಚರ್ಮದಡಿ ಹುದುಗಿಸಿದರೆ ತಿಂಗಳುಗಟ್ಟಲೆ ನಿಧಾನವಾಗಿ ಕರಗುತ್ತಿದ್ದವು. ಕೆನಡಿಗೂ ಮೂರು ತಿಂಗಳಿಗೊಮ್ಮೆ 150 ಮಿಲಿಗ್ರಾಂ ಗುಳಿಗೆ ಹುದುಗಿಸಲಾಗುತ್ತಿತ್ತು.

ಆದರೆ ಅದು ಆಲ್ಡೋಸ್ಟೀರೋನ್ ಕೆಲಸವನ್ನಷ್ಟೇ ಮಾಡುತ್ತಿತ್ತು. ಕಾರ್ಟಿಸೋಲ್ ಕೊರತೆಗೆ ಉತ್ತರ ಸಿಕ್ಕಿದ್ದು ಕಾರ್ಟಿಸೋನ್ ಬಂದ ಮೇಲೆ. ಅಡ್ರಿನಲ್ ಹಾರ್ಮೋನುಗಳ ಕುರಿತ ಸಂಶೋಧನೆಗೆ ಕೆಂಡಲ್, ರೈಕ್‌ಸ್ಟೈನ್ ಮತ್ತು ಹೆಂಚ್ ಅವರಿಗೆ 1950ರ ನೊಬೆಲ್ ಪ್ರಶಸ್ತಿ ದೊರೆಯಿತು. ಆರಂಭದಲ್ಲಿ ದುಬಾರಿಯೂ ವಿರಳವೂ ಆಗಿದ್ದ ಈ ಔಷಧವನ್ನು ಕೆನಡಿ ಕುಟುಂಬ ಜಗತ್ತಿನ ಹಲವು ಕಡೆ ಬ್ಯಾಂಕ್ ಲಾಕರುಗಳಲ್ಲಿ ಸಂಗ್ರಹಿಸಿಟ್ಟಿತ್ತು ಎನ್ನಲಾಗಿದೆ. ದಿನಕ್ಕೆ 25 ಮಿಲಿಗ್ರಾಂ ಕಾರ್ಟಿಸೋನ್ ಅವರ ಬದುಕಿನ ಭಾಗವಾಯಿತು.

ಔಷಧವಿದ್ದರೂ ಅಪಾಯ ತಪ್ಪಿರಲಿಲ್ಲ. 1951ರ ಶರತ್ಕಾಲದಲ್ಲಿ ಕೆನಡಿ ತಮ್ಮ ರಾಬರ್ಟ್ ಮತ್ತು ಸೋದರಿ ಪೆಟ್ರೀಶಿಯಾ ಜತೆ ಏಷ್ಯಾ ಪ್ರವಾಸ ಕೈಗೊಂಡರು. ದೆಹಲಿಯಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರನ್ನು ಭೇಟಿಯಾದರು. ವಸಾಹತುಶಾಹಿಯಿಂದ ಬಿಡುಗಡೆಯಾದ ಏಷ್ಯಾದ ದೇಶಗಳ ಬಗ್ಗೆ ಅವರ ನಿಲುವು ರೂಪುಗೊಂಡದ್ದರಲ್ಲಿ ಈ ಪ್ರವಾಸದ ಪಾತ್ರ ದೊಡ್ಡದು. ಪ್ರವಾಸದ ಕೊನೆಯ ಹಂತದಲ್ಲಿ ಅವರು ತೀವ್ರ ಅಸ್ವಸ್ಥರಾದರು. ಒಕಿನಾವಾದ ಸೇನಾ ಆಸ್ಪತ್ರೆಗೆ ಸೇರಿಸಿದಾಗ ಜ್ವರ 106 ಡಿಗ್ರಿ ಫ್ಯಾರನ್‌ಹೀಟ್ ತಲುಪಿತ್ತು. ಬದುಕುವ ಭರವಸೆಯನ್ನು ಜತೆಗಿದ್ದವರು ಕೈಬಿಟ್ಟಿದ್ದರು. ಆರೋಗ್ಯವಂತರಲ್ಲಿ ಜ್ವರ ಬಂದೊಡನೆ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಉತ್ಪಾದನೆಯನ್ನು ಹಲವು ಪಟ್ಟು ಏರಿಸುತ್ತವೆ. ಗ್ರಂಥಿಯಿಲ್ಲದವರು ಔಷಧದ ಪ್ರಮಾಣವನ್ನು ತಾವೇ ಏರಿಸಬೇಕು. ಇಲ್ಲವಾದರೆ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು. ಇದನ್ನೇ ವೈದ್ಯರು ಅಡ್ರಿನಲ್ ಬಿಕ್ಕಟ್ಟು ಎನ್ನುತ್ತಾರೆ.

ಹೆಸರಿಲ್ಲದ ರೋಗಿ

1952ರಲ್ಲಿ ಕೆನಡಿ ಸೆನೆಟ್‌ಗೆ ಆಯ್ಕೆಯಾದರು. ಮರುವರ್ಷ ಜಾಕ್ವೆಲಿನ್ ಜತೆ ಮದುವೆಯಾಯಿತು. 1954ರ ವೇಳೆಗೆ ಬೆನ್ನುನೋವು ಊರುಗೋಲಿಲ್ಲದೆ ನಡೆಯಲಾಗದ ಮಟ್ಟ ಮುಟ್ಟಿತ್ತು. ಶಸ್ತ್ರಚಿಕಿತ್ಸೆಯೊಂದೇ ದಾರಿ ಎಂಬ ಮಾತು ಬಂತು. ಅಡಿಸನ್ ರೋಗಿಗೆ ಅಂತಹ ದೊಡ್ಡ ಶಸ್ತ್ರಚಿಕಿತ್ಸೆ ಮಾಡುವುದು ಆ ಕಾಲದಲ್ಲಿ ಸಾವಿನ ಜತೆ ಪಂದ್ಯ ಕಟ್ಟಿದಂತೆ. ಅವರನ್ನು ಹಿಂದಿನಿಂದ ನೋಡಿಕೊಳ್ಳುತ್ತಿದ್ದ ಬಾಸ್ಟನ್ನಿನ ವೈದ್ಯರು ಬೇಡವೆಂದರು. ಊರುಗೋಲಿನ ಬದುಕಿಗಿಂತ ಅಪಾಯವೇ ಲೇಸೆಂದು ಕೆನಡಿ ತೀರ್ಮಾನಿಸಿದರು.

1954ರ ಅಕ್ಟೋಬರ್ 21ರಂದು ನ್ಯೂಯಾರ್ಕಿನಲ್ಲಿ ಡಾ. ಫಿಲಿಪ್ ವಿಲ್ಸನ್ ನೇತೃತ್ವದ ತಂಡ ಶಸ್ತ್ರಚಿಕಿತ್ಸೆ ನಡೆಸಿತು. ಹಾರ್ಮೋನು ತಜ್ಞರು ಮೊದಲೇ ಲೆಕ್ಕ ಹಾಕಿ ಅಧಿಕ ಪ್ರಮಾಣದ ಸ್ಟೀರಾಯ್ಡ್ ನೀಡಿದ್ದರು. ದೇಹ ಆಘಾತವನ್ನು ತಾಳಿಕೊಂಡಿತು. ಆದರೆ ಕೆಲವು ದಿನಗಳಲ್ಲಿ ಸೋಂಕು ತಗುಲಿ ಅವರು ಪ್ರಜ್ಞೆ ಕಳೆದುಕೊಂಡರು. ಪಾದ್ರಿಯನ್ನು ಮತ್ತೆ ಕರೆಸಲಾಯಿತು. ಮತ್ತೆ ಬದುಕಿ ಬಂದರು. 1955ರ ಫೆಬ್ರವರಿಯಲ್ಲಿ ಇನ್ನೊಂದು ಶಸ್ತ್ರಚಿಕಿತ್ಸೆ ನಡೆಸಿ ಬೆನ್ನಿನೊಳಗಿನ ಲೋಹದ ತಗಡನ್ನು ತೆಗೆಯಬೇಕಾಯಿತು. ಹಾಸಿಗೆ ಹಿಡಿದ ಆ ತಿಂಗಳುಗಳಲ್ಲಿ ರೂಪುಗೊಂಡ ಪ್ರೊಫೈಲ್ಸ್ ಇನ್ ಕರೇಜ್ ಕೃತಿಗೆ 1957ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

1955ರ ನವೆಂಬರ್‌ನಲ್ಲಿ ಆರ್ಕೈವ್ಸ್ ಆಫ್ ಸರ್ಜರಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೇಖನ ಅಚ್ಚಾಯಿತು. ಅಡ್ರಿನಲ್ ಕೊರತೆಯಿರುವವರಿಗೆ ಶಸ್ತ್ರಚಿಕಿತ್ಸೆ ನಡೆಸುವ ಬಗೆಯನ್ನು ವಿವರಿಸಿದ ಆ ಲೇಖನದಲ್ಲಿ ಏಳು ವರ್ಷಗಳಿಂದ ಅಡಿಸನ್ ಕಾಯಿಲೆಯಿದ್ದ 37 ವರ್ಷದ ಪುರುಷನೊಬ್ಬನ ವೃತ್ತಾಂತವಿತ್ತು. ರೋಗಿಯ ಹೆಸರಿರಲಿಲ್ಲ. ಆತ ಸೆನೆಟ್ ಸದಸ್ಯನೆಂದು, ಐದು ವರ್ಷಗಳಲ್ಲಿ ಅಧ್ಯಕ್ಷನಾಗಲಿದ್ದಾನೆಂದು ಊಹಿಸುವ ಸುಳಿವೂ ಓದುಗರಿಗಿರಲಿಲ್ಲ.

ವ್ಯಾಖ್ಯೆಯ ಜಾಣ್ಮೆ

1960ರ ಜುಲೈನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶ. ಪ್ರತಿಸ್ಪರ್ಧಿ ಲಿಂಡನ್ ಜಾನ್ಸನ್ ಪರವಾಗಿದ್ದ ಜಾನ್ ಕೊನಲಿ ಮತ್ತು ಇಂಡಿಯಾ ಎಡ್ವರ್ಡ್ಸ್ ಪತ್ರಕರ್ತರ ಮುಂದೆ ಕೆನಡಿಗೆ ಅಡಿಸನ್ ಕಾಯಿಲೆಯಿದೆ ಎಂದು ಬಹಿರಂಗವಾಗಿ ಹೇಳಿದರು. ಕೆನಡಿ ಪಾಳೆಯ ಕೂಡಲೇ ಉತ್ತರ ಕೊಟ್ಟಿತು. ಯುದ್ಧಾನಂತರ ಅವರಲ್ಲಿ ಒಂದಿಷ್ಟು ಅಡ್ರಿನಲ್ ಕೊರತೆ ಕಂಡುಬಂದಿದ್ದು ನಿಜ, ಅದು ಹತೋಟಿಯಲ್ಲಿದೆ, ಆದರೆ ಕ್ಷಯದಿಂದ ಗ್ರಂಥಿಗಳು ನಾಶವಾಗುವ ಶಾಸ್ತ್ರೀಯ ಅಡಿಸನ್ ಕಾಯಿಲೆ ಅವರಿಗಿಲ್ಲ ಎಂಬುದು ಆ ಹೇಳಿಕೆಯ ಸಾರ. ಆಯ್ಕೆಯಾದ ಬಳಿಕವೂ ಕೆನಡಿ ಸ್ವತಃ ಸುದ್ದಿಗಾರರ ಮುಂದೆ ಕಾಯಿಲೆಯನ್ನು ನಿರಾಕರಿಸಿದರು.

ಅಕ್ಷರಶಃ ನೋಡಿದರೆ ಆ ಹೇಳಿಕೆ ಸುಳ್ಳಲ್ಲ, ಅರ್ಥದಲ್ಲಿ ಅಪ್ಪಟ ಮರೆಮಾಚುವಿಕೆ. ಅಡಿಸನ್ ಕಾಲದಲ್ಲಿ ಕ್ಷಯವೇ ಪ್ರಧಾನ ಕಾರಣವಾಗಿತ್ತು. ಕೆನಡಿಗೆ ಕ್ಷಯವಿರಲಿಲ್ಲ. ಆದರೆ ಗ್ರಂಥಿ ಯಾವ ಕಾರಣದಿಂದ ಹಾಳಾದರೂ ಪರಿಣಾಮ ಒಂದೇ, ಹೆಸರೂ ಒಂದೇ.

ಕಾರಣಗಳನ್ನು ವೈದ್ಯಶಾಸ್ತ್ರ ಎರಡು ಮುಖ್ಯ ಗುಂಪುಗಳಾಗಿ ವಿಂಗಡಿಸುತ್ತದೆ. ಅಡ್ರಿನಲ್ ಗ್ರಂಥಿಯೇ ಹಾಳಾಗುವುದು ಮೊದಲನೆಯದು. ಪಾಶ್ಚಾತ್ಯ ದೇಶಗಳಲ್ಲಿ ಇದಕ್ಕೆ ಬಹುಪಾಲು ಕಾರಣ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಗ್ರಂಥಿಯ ಮೇಲೆ ತಿರುಗಿಬೀಳುವುದು. ಭಾರತದಂತಹ ದೇಶಗಳಲ್ಲಿ ಕ್ಷಯ, ಹಿಸ್ಟೊಪ್ಲಾಸ್ಮೋಸಿಸ್ ಎಂಬ ಶಿಲೀಂಧ್ರ ಸೋಂಕು ಇಂದಿಗೂ ಮುಖ್ಯ ಕಾರಣಗಳ ಪಟ್ಟಿಯಲ್ಲಿವೆ. ಎಚ್‌ಐವಿ ಜತೆ ಬರುವ ಸೋಂಕುಗಳು, ಗ್ರಂಥಿಯೊಳಗಿನ ರಕ್ತಸ್ರಾವ, ಬೇರೆಡೆಯಿಂದ ಹರಡಿದ ಕ್ಯಾನ್ಸರ್, ಕೆಲವು ವಂಶಪಾರಂಪರ್ಯ ದೋಷಗಳು, ಕೀಟೊಕೊನಜೋಲ್‌ನಂತಹ ಔಷಧಗಳೂ ಕಾರಣವಾಗಬಲ್ಲವು.

ಅಡ್ರಿನಲ್ ಗ್ರಂಥಿಗೆ ಮೇಲಿನಿಂದ ಆಜ್ಞೆ ಬಾರದಿರುವುದು ಎರಡನೆಯ ಗುಂಪು. ಪಿಟ್ಯುಟರಿ ಗಡ್ಡೆ, ಅದರ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆ, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ ಪಿಟ್ಯುಟರಿ ಸಾಯುವ ಶೀಹನ್ ಸಿಂಡ್ರೋಮ್ ಇದರಲ್ಲಿ ಸೇರುತ್ತವೆ. ಎಲ್ಲಕ್ಕಿಂತ ಸಾಮಾನ್ಯ ಕಾರಣ ಬೇರೆಯೇ ಇದೆ: ಉಬ್ಬಸಕ್ಕೋ ಕೀಲುನೋವಿಗೋ ಬಹುಕಾಲ ಸ್ಟೀರಾಯ್ಡ್ ನುಂಗಿ ಏಕಾಏಕಿ ನಿಲ್ಲಿಸುವುದು. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿರುವಾಗ ಮೆದುಳು ಎಸಿಟಿಎಚ್ ತಯಾರಿಕೆಯನ್ನು ನಿಲ್ಲಿಸಿರುತ್ತದೆ, ಕೆಲಸವಿಲ್ಲದ ಗ್ರಂಥಿ ಕುಗ್ಗಿರುತ್ತದೆ. ಈ ಗುಂಪಿನಲ್ಲಿ ಎಸಿಟಿಎಚ್ ಏರುವುದಿಲ್ಲವಾದ್ದರಿಂದ ಮೈ ಕಪ್ಪಾಗುವುದಿಲ್ಲ. ಆಲ್ಡೋಸ್ಟೀರೋನ್ ಬೇರೆ ವ್ಯವಸ್ಥೆಯ ಹಿಡಿತದಲ್ಲಿರುವುದರಿಂದ ಪೊಟ್ಯಾಸಿಯಂ ಕೂಡ ಸಾಮಾನ್ಯವಾಗಿ ಏರುವುದಿಲ್ಲ.

ಶ್ವೇತಭವನದ ಔಷಧಪೆಟ್ಟಿಗೆ

1961ರ ಜನವರಿ 20ರಂದು ಕೆನಡಿ ಅಧಿಕಾರ ವಹಿಸಿಕೊಂಡರು. ಡಾ. ಜಾನೆಟ್ ಟ್ರಾವೆಲ್ ಅವರ ಆಪ್ತ ವೈದ್ಯೆಯಾದರು. ಅಮೆರಿಕದ ಅಧ್ಯಕ್ಷರಿಗೆ ಆಪ್ತ ವೈದ್ಯೆಯಾದ ಮೊದಲ ಮಹಿಳೆ ಅವರು. ನ್ಯೂಯಾರ್ಕಿನ ಹಾರ್ಮೋನು ತಜ್ಞ ಡಾ. ಯೂಜೀನ್ ಕೋಹೆನ್ ದೂರದಿಂದಲೇ ಚಿಕಿತ್ಸೆಯ ಲಗಾಮು ಹಿಡಿದಿದ್ದರು. ಸ್ಟೀರಾಯ್ಡ್‌ಗಳು, ಉಪ್ಪಿನ ಮಾತ್ರೆ, ಥೈರಾಯ್ಡ್ ಹಾರ್ಮೋನು, ಕರುಳಿನ ತೊಂದರೆಗೆ ಔಷಧಗಳು, ಬೆನ್ನಿಗೆ ನೋವು ನಿವಾರಕ ಚುಚ್ಚುಮದ್ದು, ನಿದ್ರೆಗೆ ಗುಳಿಗೆ ಎಲ್ಲವೂ ನಿತ್ಯದ ಪಟ್ಟಿಯಲ್ಲಿದ್ದವು. ವೈದ್ಯರ ನಡುವೆಯೇ ಒಮ್ಮತವಿರಲಿಲ್ಲ. ಮ್ಯಾಕ್ಸ್ ಜೇಕಬ್ಸನ್ ಎಂಬ ವೈದ್ಯ ನೀಡುತ್ತಿದ್ದ ಉತ್ತೇಜಕ ಚುಚ್ಚುಮದ್ದುಗಳಿಗೆ ಉಳಿದವರ ತೀವ್ರ ವಿರೋಧವಿತ್ತು.

ಇಷ್ಟೆಲ್ಲದರ ನಡುವೆ 1962ರ ಅಕ್ಟೋಬರ್‌ನ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟನ್ನು ಕೆನಡಿ ಎದುರಿಸಿದರು. ಅಣ್ವಸ್ತ್ರ ಯುದ್ಧದ ಅಂಚಿನಲ್ಲಿ ಜಗತ್ತು ನಿಂತಿದ್ದ ಆ 13 ದಿನಗಳಲ್ಲಿ ದಾಳಿಗೆ ಒತ್ತಾಯಿಸುತ್ತಿದ್ದ ಸೇನಾಧಿಕಾರಿಗಳ ಮಾತಿಗೆ ಮಣಿಯದೆ ಸಂಯಮ ಕಾಯ್ದುಕೊಂಡರು. ಕಾಯಿಲೆಯಾಗಲಿ ಔಷಧಗಳಾಗಲಿ ಅವರ ವಿವೇಕವನ್ನು ಮಂಕಾಗಿಸಿದ್ದಕ್ಕೆ ಆ ದಿನಗಳ ದಾಖಲೆಗಳಲ್ಲಿ ಕುರುಹು ಸಿಗುವುದಿಲ್ಲ ಎಂಬುದು ಮುಂದೆ ವೈದ್ಯಕೀಯ ಕಡತಗಳನ್ನು ಓದಿದ ಇತಿಹಾಸಕಾರ ರಾಬರ್ಟ್ ಡಾಲೆಕ್ ಅವರ ಅಭಿಪ್ರಾಯ. ಹಾಗೆಂದು ಮತದಾರರಿಗೆ ತಿಳಿಯುವ ಹಕ್ಕಿರಲಿಲ್ಲವೇ ಎಂಬ ಪ್ರಶ್ನೆ ಇಲ್ಲವಾಗುವುದಿಲ್ಲ. ಅಪಾಯ ನೈಜವಾಗಿತ್ತು. ಒಂದು ಸಾಮಾನ್ಯ ಸೋಂಕು, ಒಂದೆರಡು ದಿನ ತಪ್ಪಿದ ಗುಳಿಗೆ ಅಧ್ಯಕ್ಷರ ಪ್ರಾಣಕ್ಕೇ ಕುತ್ತಾಗಬಹುದಿತ್ತು.

1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಗುಂಡೇಟು ತಿಂದ ಕೆನಡಿಯನ್ನು ಪಾರ್ಕ್‌ಲ್ಯಾಂಡ್ ಆಸ್ಪತ್ರೆಗೆ ತರಲಾಯಿತು. ಉಳಿಸುವ ಕೊನೆಯ ಯತ್ನದಲ್ಲಿದ್ದ ವೈದ್ಯರು ನೀಡಿದ ಔಷಧಗಳಲ್ಲಿ ಹೈಡ್ರೊಕಾರ್ಟಿಸೋನ್ ಕೂಡ ಒಂದಾಗಿತ್ತು. ಅಧ್ಯಕ್ಷರಿಗೆ ಅಡ್ರಿನಲ್ ಕೊರತೆಯಿದೆ ಎಂಬುದು ಅಲ್ಲಿದ್ದ ವೈದ್ಯರಿಗೆ ತಿಳಿದಿತ್ತು. ದೇಶಕ್ಕೆ ಅಲ್ಲಗಳೆದಿದ್ದ ರೋಗಕ್ಕೆ ಆ ಕೋಣೆಯಲ್ಲಿ ಚಿಕಿತ್ಸೆ ನಡೆಯಿತು. ಆದರೆ ತಲೆಗೆ ಬಿದ್ದ ಗುಂಡಿಗೆ ಯಾವ ಔಷಧವೂ ಉತ್ತರವಾಗಿರಲಿಲ್ಲ.

ಸತ್ತ ಮೇಲೆ ಸಿಕ್ಕ ಉತ್ತರ

ಅಂದೇ ರಾತ್ರಿ ಬೆಥೆಸ್ಡಾ ನೌಕಾ ಆಸ್ಪತ್ರೆಯಲ್ಲಿ ನಡೆದ ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಅಡ್ರಿನಲ್ ಗ್ರಂಥಿಗಳ ಪ್ರಸ್ತಾಪವೇ ಇರಲಿಲ್ಲ. ಈ ಮೌನ ಹಲವರ ಸಂದೇಹಕ್ಕೆ ಕಾರಣವಾಯಿತು. 1967ರಲ್ಲಿ ಡಾ. ಜಾನ್ ನಿಕೊಲ್ಸ್ ಎಂಬ ರೋಗಶಾಸ್ತ್ರಜ್ಞರು 1955ರ ಲೇಖನದ ಹೆಸರಿಲ್ಲದ ರೋಗಿ ಕೆನಡಿಯೇ ಎಂದು ತೋರಿಸಿಕೊಟ್ಟರು. ಶಸ್ತ್ರಚಿಕಿತ್ಸೆಯ ದಿನಾಂಕ, ಆಸ್ಪತ್ರೆ, ವಯಸ್ಸು ಎಲ್ಲವೂ ಹೊಂದುತ್ತಿದ್ದವು. 1992ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಮರಣೋತ್ತರ ಪರೀಕ್ಷೆ ನಡೆಸಿದ್ದ ವೈದ್ಯರಲ್ಲೊಬ್ಬರಾದ ಡಾ. ಬಾಸ್ವೆಲ್, ಮೂತ್ರಪಿಂಡದ ಸುತ್ತಲಿನ ಕೊಬ್ಬನ್ನು ಎಷ್ಟು ಶೋಧಿಸಿದರೂ ಬರಿಗಣ್ಣಿಗೆ ಅಡ್ರಿನಲ್ ಗ್ರಂಥಿಯ ಅಂಶ ಕಾಣಲಿಲ್ಲವೆಂದು ದೃಢಪಡಿಸಿದರು.

2002ರಲ್ಲಿ ಕೆನಡಿ ಗ್ರಂಥಾಲಯ ಡಾಲೆಕ್ ಅವರಿಗೆ ವೈದ್ಯಕೀಯ ಕಡತಗಳನ್ನು ತೋರಿಸಿತು. 1955ರಿಂದ 1957ರ ನಡುವೆ ಕೆನಡಿ ಒಂಬತ್ತು ಬಾರಿ ಆಸ್ಪತ್ರೆ ಸೇರಿದ್ದು ಆಗ ಹೊರಬಂತು. ಕರುಳಿನ ಕಾಯಿಲೆಗೆ ತಾರುಣ್ಯದಲ್ಲಿ ತೆಗೆದುಕೊಂಡ ಸ್ಟೀರಾಯ್ಡ್‌ಗಳೇ ಅಡ್ರಿನಲ್ ಗ್ರಂಥಿಗಳನ್ನು ಕೆಡಿಸಿರಬಹುದೆಂದು ಡಾಲೆಕ್ ಊಹಿಸಿದರು. 2009ರಲ್ಲಿ ನೌಕಾಪಡೆಯ ವೈದ್ಯ ಡಾ. ಲೀ ಮ್ಯಾಂಡೆಲ್ ಅದೇ ಕಡತಗಳನ್ನು ಓದಿ ಬೇರೆ ತೀರ್ಮಾನಕ್ಕೆ ಬಂದರು. ಕೆನಡಿಗೆ ಥೈರಾಯ್ಡ್ ಕೊರತೆಯೂ ಇತ್ತು. ಅಡ್ರಿನಲ್ ಮತ್ತು ಥೈರಾಯ್ಡ್ ಎರಡೂ ಒಬ್ಬರಲ್ಲೇ ಸೋತಾಗ ರೋಗನಿರೋಧಕ ವ್ಯವಸ್ಥೆಯ ಕೈವಾಡವೇ ಹೆಚ್ಚು ಸಂಭವ. ಬಹುಗ್ರಂಥಿ ಸ್ವಯಂನಿರೋಧಕ ಸಿಂಡ್ರೋಮ್‌ನ ಎರಡನೇ ಬಗೆ ಎಂದು ಇದಕ್ಕೆ ಹೆಸರು. ಸೋದರಿ ಯೂನಿಸ್‌ಗೂ ಅಡಿಸನ್ ಕಾಯಿಲೆಯಿದ್ದುದು ಈ ವಾದಕ್ಕೆ ಬಲ ನೀಡಿತು. ಸ್ಟೀರಾಯ್ಡ್‌ನಿಂದಷ್ಟೇ ಕುಗ್ಗಿದ ಗ್ರಂಥಿಯಾಗಿದ್ದರೆ ಉಪ್ಪನ್ನು ಹಿಡಿದಿಡುವ ಹಾರ್ಮೋನು ಹೀಗೆ ಬತ್ತುವುದು ಅಪರೂಪ.

ಇಂದಾಗಿದ್ದರೆ

ಕೆನಡಿ ಇಂದಿನ ಆಸ್ಪತ್ರೆಗೆ ಬಂದಿದ್ದರೆ ರೋಗ ನಿರ್ಣಯಕ್ಕೆ ಕೆಲವು ಮಿಲಿಲೀಟರ್ ರಕ್ತ ಸಾಕಾಗುತ್ತಿತ್ತು. ಕಾರ್ಟಿಸೋಲ್ ಬೆಳಗಿನ ಹೊತ್ತು ಅತಿ ಹೆಚ್ಚಿರುವುದರಿಂದ ಎಂಟು ಗಂಟೆಯ ಸುಮಾರಿಗೆ ರಕ್ತ ತೆಗೆಯುತ್ತಾರೆ. ಆಗ ಕಾರ್ಟಿಸೋಲ್ ಡೆಸಿಲೀಟರಿಗೆ 5 ಮೈಕ್ರೊಗ್ರಾಂಗಿಂತ ಕಡಿಮೆಯಿದ್ದು, ಎಸಿಟಿಎಚ್ ಸಾಮಾನ್ಯ ಮಿತಿಯ ಎರಡು ಪಟ್ಟಿಗಿಂತ ಹೆಚ್ಚಿದ್ದರೆ ಅಡ್ರಿನಲ್ ಗ್ರಂಥಿಯೇ ಹಾಳಾಗಿದೆ ಎಂದು ಬಲವಾಗಿ ಶಂಕಿಸಬೇಕು. ಕಾರ್ಟಿಸೋಲ್ ಕಡಿಮೆಯಿದ್ದೂ ಎಸಿಟಿಎಚ್ ಏರದಿದ್ದರೆ ದೋಷ ಪಿಟ್ಯುಟರಿಯಲ್ಲಿ ಅಥವಾ ಅದರ ಮೇಲೆ.

ಖಚಿತಪಡಿಸಲು 250 ಮೈಕ್ರೊಗ್ರಾಂ ಕೃತಕ ಎಸಿಟಿಎಚ್ ಚುಚ್ಚಿ, 30 ಮತ್ತು 60 ನಿಮಿಷಗಳ ನಂತರ ಕಾರ್ಟಿಸೋಲ್ ಅಳೆಯುತ್ತಾರೆ. ಸಿನಾಕ್ತೆನ್ ಪರೀಕ್ಷೆ ಎಂದೇ ಇದು ಪರಿಚಿತ. ಆರೋಗ್ಯವಂತ ಗ್ರಂಥಿ ಕಾರ್ಟಿಸೋಲನ್ನು 18 ಮೈಕ್ರೊಗ್ರಾಂ ದಾಟಿಸುತ್ತದೆ; ಹೊಸ, ನಿಖರ ಮಾಪನ ವಿಧಾನಗಳಲ್ಲಿ ಈ ಗಡಿ ಇನ್ನಷ್ಟು ಕೆಳಗಿದೆ. ಆದ್ದರಿಂದ ಅಂಕಿಯನ್ನು ಆಯಾ ಪ್ರಯೋಗಾಲಯದ ಮಿತಿಯೊಂದಿಗೇ ಹೋಲಿಸಬೇಕು. ಆಲ್ಡೋಸ್ಟೀರೋನ್ ಇಳಿದು ರೆನಿನ್ ಏರಿದ್ದರೆ ಉಪ್ಪಿನ ನಿಯಂತ್ರಣವೂ ತಪ್ಪಿದೆ ಎಂದರ್ಥ. 21-ಹೈಡ್ರಾಕ್ಸಿಲೇಸ್ ಕಿಣ್ವದ ವಿರುದ್ಧ ಪ್ರತಿಕಾಯಗಳು ಸಿಕ್ಕರೆ ಸ್ವಯಂನಿರೋಧಕ ಕಾರಣ ಖಚಿತ. ಸಿಗದಿದ್ದರೆ ಕ್ಷಯ, ಶಿಲೀಂಧ್ರ, ಗಡ್ಡೆಗಳಿಗಾಗಿ ಹೊಟ್ಟೆಯ ಸಿ.ಟಿ. ಸ್ಕ್ಯಾನ್ ನಡೆಸುತ್ತಾರೆ.

ಪರೀಕ್ಷೆಗಳಿಗೂ ಮಿತಿಗಳಿವೆ. ಪಿಟ್ಯುಟರಿ ಸೋತು ಕೆಲವೇ ವಾರಗಳಾಗಿದ್ದರೆ ಅಡ್ರಿನಲ್ ಇನ್ನೂ ಕುಗ್ಗಿರುವುದಿಲ್ಲ. ಸಿನಾಕ್ತೆನ್ ಪರೀಕ್ಷೆ ಎಲ್ಲವೂ ಸರಿಯಿದೆ ಎಂದು ತಪ್ಪು ಭರವಸೆ ನೀಡಬಹುದು. ಗರ್ಭನಿರೋಧಕ ಮಾತ್ರೆಗಳಲ್ಲಿನ ಈಸ್ಟ್ರೋಜನ್ ರಕ್ತದ ಒಟ್ಟು ಕಾರ್ಟಿಸೋಲ್ ಅಂಕಿಯನ್ನು ಹುಸಿಯಾಗಿ ಏರಿಸುತ್ತದೆ. ನುಂಗುವ ಹೈಡ್ರೊಕಾರ್ಟಿಸೋನ್, ಪ್ರೆಡ್ನಿಸೊಲೋನ್ ಕೂಡ ಮಾಪನವನ್ನು ಗೊಂದಲಗೊಳಿಸುತ್ತವೆ. ಎಲ್ಲಕ್ಕಿಂತ ಮುಖ್ಯ ನಿಯಮ ಇನ್ನೊಂದಿದೆ: ರೋಗಿ ಕುಸಿಯುತ್ತಿದ್ದರೆ ರಕ್ತ ತೆಗೆದಿಟ್ಟು, ವರದಿಗೆ ಕಾಯದೆ, 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಮತ್ತು ಸಲೈನ್ ಕೊಡಬೇಕು.

ಗ್ರಂಥಿಯ ಸುಮಾರು ಶೇ. 90 ಭಾಗ ಹಾಳಾಗುವವರೆಗೂ ಕಾಯಿಲೆ ಸ್ಪಷ್ಟವಾಗಿ ಮುಖ ತೋರುವುದಿಲ್ಲ. ತೂಕ ಇಳಿಕೆ, ಸುಸ್ತು, ಎದ್ದಾಗ ತಲೆಸುತ್ತು, ಉಪ್ಪಿನ ಹಂಬಲ, ಮೈ ಕಪ್ಪಾಗುವಿಕೆ ಇವು ಸಣ್ಣ ಸಂಗತಿಗಳಂತೆಯೇ ಆರಂಭವಾಗುತ್ತವೆ. ನಮ್ಮಲ್ಲಿ ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಮಾತ್ರೆ ನುಂಗುವವರು, ಕೀಲುನೋವಿಗೆಂದು ಹೆಸರಿಲ್ಲದ ಪುಡಿ ಸೇವಿಸಿ ಒಳಗಿರುವ ಸ್ಟೀರಾಯ್ಡ್ ಅರಿಯದವರು, ಅದನ್ನು ಥಟ್ಟನೆ ನಿಲ್ಲಿಸುವವರು ಅಪಾಯದ ಅಂಚಿನಲ್ಲಿರುತ್ತಾರೆ. ಕಾಯಿಲೆ ಗೊತ್ತಾದವರಿಗೆ ದಿನಕ್ಕೆ 15ರಿಂದ 25 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್, ಅಗತ್ಯವಿದ್ದವರಿಗೆ ಅದರ ಜತೆ ಫ್ಲುಡ್ರೊಕಾರ್ಟಿಸೋನ್ ಸಾಕು. ಜ್ವರ ಬಂದಾಗ ವೈದ್ಯರು ಹೇಳಿದಂತೆ ಪ್ರಮಾಣವನ್ನು ಎರಡು ಮೂರು ಪಟ್ಟು ಏರಿಸಬೇಕು. ಬಹುಪಾಲು ಜನ ಸಾಮಾನ್ಯ ಬದುಕನ್ನೇ ನಡೆಸುತ್ತಾರೆ.

ಇಂತಹ ರೋಗಿಗಳು ತಮ್ಮ ಕಾಯಿಲೆಯ ಹೆಸರು ಬರೆದ ಚೀಟಿಯನ್ನೋ ಕೈಪಟ್ಟಿಯನ್ನೋ ಸದಾ ಜತೆಗಿಟ್ಟುಕೊಳ್ಳಬೇಕೆಂದು ವೈದ್ಯರು ಇಂದು ಒತ್ತಾಯಿಸುತ್ತಾರೆ. ಅಪಘಾತದಲ್ಲಿ ಪ್ರಜ್ಞೆ ತಪ್ಪಿದಾಗ ಅಪರಿಚಿತ ವೈದ್ಯನಿಗೆ ಆ ಚೀಟಿಯೇ ದಾರಿ ತೋರಬೇಕು. ಕಾಯಿಲೆಯನ್ನು ಮುಚ್ಚಿಟ್ಟೂ ಕೆನಡಿ ಬದುಕಿದ್ದಕ್ಕೆ ಸದಾ ಪಕ್ಕದಲ್ಲಿ ವೈದ್ಯರ ಪಡೆಯಿದ್ದದ್ದು ಕಾರಣ. ಆ ಅನುಕೂಲವಿಲ್ಲದವರಿಗೆ ಕಾಯಿಲೆಯ ಹೆಸರನ್ನು ನಾಲ್ವರಿಗೆ ಹೇಳಿಡುವುದೇ ರಕ್ಷಣೆ.